ನೋಟೀಸು ಫಲಕ ಯಾವ ಬಾಗಿಲ ಬಳಿ?

ಕಳೆದ ಮಳೆಗಾಲದ ಒಂದು ಸಂಜೆ ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ಕುಳಿತಿದ್ದೆ. ಗೋದಾಮಿನಲ್ಲಿ ತೂಕದ ಕೆಲಸ ಮಾಡುವ ಬಂಧುವೊಬ್ಬರು ಒದ್ದೆ ಕೊಡೆಯನ್ನು ಮೂಲೆಗಿಟ್ಟು ಬಂದು, ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು. "ಮಾಸ್ತರೇ, ಇದರಲ್ಲಿ ಎಂಥ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ." ನಾನು ಮಾಸ್ತರಿಕೆ ಬಿಟ್ಟು ಕೆಲವು ವರ್ಷಗಳಾದವು, ಜನ ಮಾತ್ರ ಹಾಗೆ ಕರೆಯುವುದನ್ನು ಬಿಟ್ಟಿಲ್ಲ.

ಮೊಬೈಲಿನಲ್ಲಿ ಇದ್ದದ್ದು ಒಂದು ಕಾಗದದ ಚಿತ್ರ. ಯಾರೋ ಟೈಪು ಮಾಡಿಸಿ, ಸಹಿ ಹಾಕಿ, ಅದರ ಚಿತ್ರ ತೆಗೆದು, ಸಂಸ್ಥೆಯ ಸಿಬ್ಬಂದಿ ಪೋರ್ಟಲಿಗೆ ಏರಿಸಿದ್ದರು. ಮೂರು ಪುಟ; ಮೂರೂ ಇಂಗ್ಲಿಷು. ಮೊದಲ ಪುಟದ ಮುಕ್ಕಾಲು ಭಾಗ ಹಿಂದಿನ ಸುತ್ತೋಲೆಗಳ ಸಂಖ್ಯೆ ಮತ್ತು ತಾರೀಖು. ಎರಡನೆಯ ಪುಟದ ನಡುವೆ ಒಂದು ಸಾಲು: ಗೋದಾಮಿನ ಸಿಬ್ಬಂದಿಯ ವಾರದ ರಜೆಯ ದಿನ ಬದಲಾಗಿದೆ. ಯಾವಾಗಿನಿಂದ ಎಂಬುದು ಮೂರನೆಯ ಪುಟದ ತಳದಲ್ಲಿ. ಬೆರಳಿನಿಂದ ಹಿಗ್ಗಿಸಿದರೆ ಅಕ್ಷರ ಮಸುಕು, ಹಿಗ್ಗಿಸದಿದ್ದರೆ ಇರುವೆಯ ಸಾಲು. ನಮ್ಮ ಬಂಧು ಹಳೆಯ ರಜೆಯ ದಿನವೇ ಮನೆಯಲ್ಲಿ ಉಳಿದಿದ್ದರು. ಗೈರುಹಾಜರಿ ಬಿತ್ತು, ಒಂದು ದಿನದ ಪಗಾರ ಹೋಯಿತು, ಮೇಲಿಂದ ಕಾರಣ ಕೇಳುವ ಪತ್ರವೂ ಬಂತು. ಕಚೇರಿಯಲ್ಲಿ ವಿಚಾರಿಸಿದರೆ ಒಂದೇ ಉತ್ತರ: "ಪೋರ್ಟಲಿಗೆ ಹಾಕಿದ್ದೆವಲ್ಲ!"

ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಉಳಿದವರು ತಮ್ಮ ಮನೆ ಸರಿಯಿದೆಯೆಂದು ಸುಮ್ಮನಾಗುತ್ತಾರೆ. ಈ ಪದ್ಧತಿ ಸರ್ಕಾರಿ ಕಚೇರಿ, ಸಹಕಾರ ಸಂಘ, ಖಾಸಗಿ ಕಂಪನಿ ಎಂಬ ಭೇದವಿಲ್ಲದೆ ಹಬ್ಬುತ್ತಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಪೋರ್ಟಲಿಗೆ ಹಾಕಿದ ಮಾತ್ರಕ್ಕೆ ನೌಕರನಿಗೆ ತಿಳಿಸಿದ ಹಾಗಾಯಿತೇ? ಆಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪೋರ್ಟಲಿನಲ್ಲಿ ಏನು ಬರೆಯಬೇಕು, ಯಾವ ಭಾಷೆಯಲ್ಲಿ, ಯಾವ ರೂಪದಲ್ಲಿ, ಯಾರ ಹೊಣೆಯಲ್ಲಿ ಎಂಬ ಕಟ್ಟಳೆಯನ್ನು ಗಣಕಯಂತ್ರದ ಗುತ್ತಿಗೆದಾರನಿಗೆ ಬಿಟ್ಟು ಕೂರುವಂತಿಲ್ಲ. ಅದು ಪಗಾರ ಮತ್ತು ರಜೆಯಷ್ಟೇ ಗಟ್ಟಿಯಾದ ಕಾರ್ಮಿಕ ಪ್ರಶ್ನೆ.

ಮೊದಲು ಈ ವಸ್ತು ಯಾವುದೆಂದು ತಿಳಿಯೋಣ. ಇಂಟ್ರಾನೆಟ್ ಅಥವಾ ಒಳಜಾಲವೆಂದರೆ ಒಂದು ಸಂಸ್ಥೆಯ ಸಿಬ್ಬಂದಿಗೆ ಮಾತ್ರ ತೆರೆದುಕೊಳ್ಳುವ ಜಾಲತಾಣ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕರೆ ಸುತ್ತೋಲೆ, ಪಾಳಿಯ ಪಟ್ಟಿ, ಪಗಾರದ ಚೀಟಿ, ರಜೆಯ ಅರ್ಜಿ, ನಿಯಮಗಳ ಪುಸ್ತಕ ಎಲ್ಲವೂ ಅಲ್ಲಿ ಸಿಗಬೇಕು. ವಸ್ತು ಕೆಟ್ಟದ್ದಲ್ಲ. ಇಂದು ಜಗತ್ತೆಲ್ಲ ಬಳಸುವ ವೆಬ್ ಹುಟ್ಟಿದ್ದೇ ಒಂದು ಸಂಸ್ಥೆಯ ಒಳಗಿನ ಕಷ್ಟದಿಂದ. ಜಿನೀವಾ ಬಳಿಯ ಸರ್ನ್ ಎಂಬ ಸಂಶೋಧನಾ ಕೇಂದ್ರಕ್ಕೆ ಜನ ಬಂದು ಎರಡು ವರ್ಷ ದುಡಿದು ಹೊರಟುಹೋಗುತ್ತಿದ್ದರು. ಯಾವ ಯಂತ್ರದ ವಿವರ ಯಾವ ಕಡತದಲ್ಲಿದೆ ಎಂಬ ತಿಳಿವಳಿಕೆಯೂ ಅವರ ಜೊತೆಗೇ ಹೊರಟುಹೋಗುತ್ತಿತ್ತು. ಅದನ್ನು ಹಿಡಿದಿಡಲು 1989ರಲ್ಲಿ ಅಲ್ಲಿನ ನೌಕರ ಟಿಮ್ ಬರ್ನರ್ಸ್ ಲೀ ಮೇಲಧಿಕಾರಿಗೆ ಒಂದು ಯೋಜನೆ ಬರೆದುಕೊಟ್ಟರು. ಅದೇ ವೆಬ್ ಆಯಿತು. 1993ರಲ್ಲಿ ಸರ್ನ್ ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಹಾಗಾದರೆ ಮೂಲ ಉದ್ದೇಶವೇನು? ಕೆಲಸ ಮಾಡುವವನ ಪ್ರಶ್ನೆಗೆ ಕೆಲಸದ ಜಾಗದಲ್ಲೇ ಉತ್ತರ ಸಿಗಬೇಕು. ನಮ್ಮಲ್ಲಿ ಆ ಉದ್ದೇಶ ತಲೆಕೆಳಗಾಗಿದೆ. ಆಡಳಿತ ತನ್ನ ಹೊಣೆಯನ್ನು ಜಾರಿಸಿಕೊಳ್ಳಲು ಕಾಗದವನ್ನು ಅಲ್ಲಿ ತುಂಬುತ್ತಿದೆ.

ಈ ವಿಷಯದಲ್ಲಿ ಹಳೆಯ ಕಾಯಿದೆ ಏನು ಹೇಳಿತ್ತೆಂದು ಗಿರಣಿ ಕಾರ್ಮಿಕರು ನೆನಪಿಡಬೇಕು. ಕಾರ್ಖಾನೆಗಳ ಸ್ಥಾಯೀ ಆದೇಶಗಳ ಕಾಯಿದೆ 1946ರಲ್ಲಿ ಬಂತು. ಕೆಲಸದ ವೇಳೆ, ರಜೆ, ಪಾಳಿ, ತಪ್ಪು, ಶಿಕ್ಷೆ ಇವುಗಳ ನಿಯಮವೇ ಸ್ಥಾಯೀ ಆದೇಶ. ಅದನ್ನು ಇಂಗ್ಲಿಷಿನಲ್ಲಿ ಮತ್ತು ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಎದ್ದುಕಾಣುವಂತೆ ಫಲಕಕ್ಕೆ ಹಚ್ಚಬೇಕೆಂದು ಅದರ 9ನೆಯ ಕಲಮು ಹೇಳಿತು. ಫಲಕ ಎಲ್ಲಿರಬೇಕು? ಬಹುಪಾಲು ಕೆಲಸಗಾರರು ಒಳಬರುವ ಬಾಗಿಲ ಬಳಿ, ಮತ್ತು ಅವರು ದುಡಿಯುವ ಎಲ್ಲ ವಿಭಾಗಗಳಲ್ಲಿ. 1948ರ ಕಾರ್ಖಾನೆ ಕಾಯಿದೆಯ 108ನೆಯ ಕಲಮು ನೋಟೀಸುಗಳ ಬಗ್ಗೆ ಇನ್ನೊಂದು ಮಾತು ಸೇರಿಸಿತು: ಅವನ್ನು ಸ್ವಚ್ಛವಾಗಿ, ಓದಲು ಬರುವಂತೆ ಇಟ್ಟಿರಬೇಕು.

ಈ ಮಾತುಗಳನ್ನು ಇನ್ನೊಮ್ಮೆ ಓದಿರಿ. ಭಾಷೆ ಯಾವುದು, ಜಾಗ ಯಾವುದು, ಅಕ್ಷರ ಹೇಗಿರಬೇಕು ಎಂಬ ಮೂರೂ ಕಟ್ಟಳೆ ಅಲ್ಲಿವೆ. ಮಾಲಿಕರು ಒಳಬರುವ ಬಾಗಿಲ ಬಳಿ ಎಂದು ಕಾಯಿದೆ ಹೇಳಲಿಲ್ಲ, ಮ್ಯಾನೇಜರರ ಕೋಣೆಯೊಳಗೆ ಎಂದೂ ಹೇಳಲಿಲ್ಲ. ಕೆಲಸಗಾರ ಯಾವ ಬಾಗಿಲಿನಿಂದ ಬರುತ್ತಾನೋ ನೋಟೀಸು ಆ ಬಾಗಿಲಿಗೆ ಹೋಗಬೇಕು. ಕೆಲಸಗಾರನೇ ನೋಟೀಸನ್ನು ಹುಡುಕಿಕೊಂಡು ಹೋಗಬೇಕೆಂಬ ತರ್ಕ ಆ ಕಾಯಿದೆಯಲ್ಲಿ ಇರಲಿಲ್ಲ.

ಈಗ ಆ ಕಾಯಿದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 2025ರ ನವೆಂಬರ್ 21ರಿಂದ ಜಾರಿಯಾಗಿವೆ. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಬಾಗಿಲೂ ಇಲ್ಲ, ಫಲಕವೂ ಇಲ್ಲ. ಸ್ಥಾಯೀ ಆದೇಶವನ್ನು ಯಾವ ಭಾಷೆಯಲ್ಲಿ, ಯಾವ ರೀತಿಯಲ್ಲಿ ಇಡಬೇಕೆಂಬುದನ್ನು ಸರ್ಕಾರ ಮಾಡುವ ನಿಯಮಗಳಿಗೆ ಬಿಡಲಾಗಿದೆ. ಹಳೆಯ ಕಾಯಿದೆ ಮೂಲತಃ 100 ಜನರಿರುವ ಕಾರ್ಖಾನೆಗೆ ಅನ್ವಯಿಸುತ್ತಿತ್ತು. ಹೊಸದರಲ್ಲಿ ಸ್ಥಾಯೀ ಆದೇಶದ ಅಧ್ಯಾಯ 300 ಜನರಿರುವಲ್ಲಿಗೆ ಏರಿದೆ. ನಮ್ಮ ಮೂರು ತಾಲೂಕುಗಳ ಅಕ್ಕಿ ಗಿರಣಿ, ಮರದ ಮಿಲ್ಲು, ಅಡಿಕೆ ಗೋದಾಮು, ಅಂಗಡಿಗಳಲ್ಲಿ 300 ಜನ ಒಂದೇ ಸೂರಿನಡಿ ದುಡಿಯುವುದು ಎಲ್ಲಿ? ಕಾಯಿದೆಯ ಕೈ ಚಿಕ್ಕದಾದಷ್ಟೂ ನೌಕರರೇ ಮಾತಾಡಿ, ಒಪ್ಪಿಸಿ, ಕಟ್ಟಳೆಯನ್ನು ಬರೆಸಿಕೊಳ್ಳಬೇಕಾಗುತ್ತದೆ. ಇಂದು ಕೆಲಸಗಾರ ಒಳಬರುವ ಬಾಗಿಲು ಎರಡು. ಒಂದು ಗೇಟು, ಇನ್ನೊಂದು ಅವನ ಜೇಬಿನ ಮೊಬೈಲು. ಎರಡೂ ಬಾಗಿಲಲ್ಲಿ ನೋಟೀಸು ಓದಲು ಬರುವಂತಿರಬೇಕು.

ಓದಲು ಬರುವಂತಿರುವುದು ಎಂದರೇನು? ಇದನ್ನು ಕಲಿಯಲು ನನಗೆ ವಿದೇಶದ ಪುಸ್ತಕ ಬೇಕಾಗಲಿಲ್ಲ. ಶಾಲೆಗೆ ಸೇರಿದ ಮೊದಲ ವಾರವೇ ಹಿರಿಯ ಶಿಕ್ಷಕರೊಬ್ಬರು ಒಂದು ಪಾಠ ಹೇಳಿಕೊಟ್ಟರು. ಕರಿಹಲಗೆಯ ಮೇಲೆ ಬರೆದಾದ ಮೇಲೆ ಅಲ್ಲೇ ನಿಂತು ಮೆಚ್ಚಿಕೊಳ್ಳಬೇಡ. ಕೊನೆಯ ಬೆಂಚಿಗೆ ಹೋಗಿ ಕುಳಿತು ನೋಡು. ಅಲ್ಲಿಂದ ಕಾಣದ ಅಕ್ಷರ ಬರೆದೂ ಬರೆಯದ ಹಾಗೆ. ಕಿಟಕಿಯ ಬಿಸಿಲು ಹಲಗೆಯ ಮೇಲೆ ಬಿದ್ದು ಹೊಳೆಯುವ ಮೂಲೆಯಲ್ಲಿ ಬರೆಯಬಾರದೆಂದು ನಾನು ಹಾಗೆ ಕುಳಿತ ದಿನವೇ ತಿಳಿದದ್ದು. ಪೋರ್ಟಲು ಮಾಡುವವರು ಒಬ್ಬರೂ ಕೊನೆಯ ಬೆಂಚಿಗೆ ಹೋಗಿ ಕೂರುವುದಿಲ್ಲ. ತಮ್ಮ ಮೇಜಿನ ದೊಡ್ಡ ಪರದೆಯಲ್ಲಿ, ಕಚೇರಿಯ ವೇಗದ ತಂತಿಯಲ್ಲಿ ನೋಡಿ, ಚೆನ್ನಾಗಿದೆ ಎನ್ನುತ್ತಾರೆ. ಅದನ್ನು ಓದಬೇಕಾದವನು ಸಿದ್ದಾಪುರದ ಘಟ್ಟದಂಚಿನ ಹಳ್ಳಿಯಲ್ಲಿ, ಕರೆಂಟು ಹೋದ ರಾತ್ರಿ, ಬಿರುಕು ಬಿಟ್ಟ ಗಾಜಿನ ಮೊಬೈಲು ಹಿಡಿದು ಸಿಗ್ನಲ್ಲಿಗಾಗಿ ಅಂಗಳದ ತುದಿಯಲ್ಲಿ ನಿಂತಿರುತ್ತಾನೆ.

ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಅಡಿಕೆ ಮಾರುಕಟ್ಟೆಯ ದರಪಟ್ಟಿಯನ್ನು ನೀವು ದಿನವೂ ನೋಡುತ್ತೀರಿ. ಮೇಲೆ ಮಾರುಕಟ್ಟೆಯ ಹೆಸರು, ತಾರೀಖು. ಕೆಳಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು. ಪ್ರತಿಯೊಂದರ ಎದುರು ಕನಿಷ್ಠ, ಗರಿಷ್ಠ, ಹೆಚ್ಚಾಗಿ ನಡೆದ ದರ. ಮುಗಿಯಿತು. ಅದರಲ್ಲಿ ಅಧ್ಯಕ್ಷರ ಭಾವಚಿತ್ರವಿಲ್ಲ, ಓಡುವ ಅಕ್ಷರವಿಲ್ಲ, ಹಿಂದಿನ ಸುತ್ತೋಲೆಯ ಉಲ್ಲೇಖವಿಲ್ಲ. ಓದು ಹೆಚ್ಚು ಬಾರದ ತೋಟದ ಮುದುಕನೂ ತನ್ನ ಮಾಲಿನ ಸಾಲನ್ನು ಒಂದು ನೋಟಕ್ಕೆ ಹಿಡಿಯುತ್ತಾನೆ. ಯಾಕೆ ಅದು ಅಷ್ಟು ಸ್ಪಷ್ಟ? ತಪ್ಪಿದರೆ ಹಣ ಹೋಗುವುದು ಎಲ್ಲರ ಕಣ್ಣೆದುರಿಗೆ. ಆ ಕ್ಷಣವೇ ಜಗಳವಾಗುತ್ತದೆ. ನೌಕರನ ಸುತ್ತೋಲೆ ತಪ್ಪಿದರೂ ಹಣ ಹೋಗುತ್ತದೆ. ಆದರೆ ಅದು ಒಬ್ಬನ ಹಣ, ಸದ್ದಿಲ್ಲದೆ ಹೋಗುವ ಹಣ. ಆದ್ದರಿಂದ ಅದನ್ನು ಸ್ಪಷ್ಟವಾಗಿ ಬರೆಯುವ ಆತುರ ಯಾರಿಗೂ ಇಲ್ಲ.

ನಮ್ಮ ಸೀಮೆ ಸಂಸ್ಥೆ ಕಟ್ಟುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಶಿರಸಿಯಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕು 1920ರಲ್ಲಿ ಹುಟ್ಟಿತು. ತೋಟಗಾರರ ಮಾರಾಟ ಸಂಘ 1923ರಲ್ಲಿ. ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಇಂಗ್ಲಿಷಿನಲ್ಲಿ ಬಂದ ಪತ್ರವನ್ನು ಓದಿಸಿಕೊಳ್ಳಲು ಬಲ್ಲವರ ಮನೆ ಹುಡುಕುವ ಕಾಲ ಅದು. ಆಮೇಲೆ 1963ರಲ್ಲಿ ಕನ್ನಡವೇ ರಾಜ್ಯದ ಆಡಳಿತ ಭಾಷೆಯೆಂಬ ಶಾಸನ ಬಂತು. ಅರವತ್ತು ವರ್ಷ ದಾಟಿದ ಮೇಲೂ ನಮ್ಮ ಬಂಧು ಚಹಾದಂಗಡಿಯಲ್ಲಿ ಮಾಸ್ತರನನ್ನು ಹುಡುಕಬೇಕಾಯಿತೆಂದರೆ, ಬಲ್ಲವರ ಮನೆ ಹುಡುಕುವ ಕಾಲ ಹೋಗಲಿಲ್ಲವೆಂದೇ ಅರ್ಥ.

ಹೊಸ ಅವಕಾಶವೊಂದು ಈಗ ಬಾಗಿಲಿಗೆ ಬಂದಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಆಗ ಗೊತ್ತುಮಾಡಿದ್ದು 63,000 ಸಂಘಗಳು, 2,516 ಕೋಟಿ ರೂಪಾಯಿ. ತಂತ್ರಾಂಶ ಪ್ರಾದೇಶಿಕ ಭಾಷೆಯಲ್ಲಿರಬೇಕೆಂದು ಆ ತೀರ್ಮಾನದಲ್ಲೇ ಹೇಳಿದೆ. ಮಾತು ಒಳ್ಳೆಯದು. ಆದರೆ ಪರದೆಯ ಮೇಲಿನ ಗುಂಡಿಗಳ ಹೆಸರು ಕನ್ನಡಕ್ಕೆ ಬಂದ ಮಾತ್ರಕ್ಕೆ ಒಳಗೆ ಏರಿಸುವ ಸುತ್ತೋಲೆ ಕನ್ನಡವಾಗುವುದಿಲ್ಲ. ಪಾತ್ರೆ ಅವರು ಕೊಡುತ್ತಾರೆ. ಅಡಿಗೆಯ ಕಟ್ಟಳೆಯನ್ನು ನಾವೇ ಮಾಡಿಕೊಳ್ಳಬೇಕು. ನನಗೆ ತೋಚಿದ ಎಂಟು ಕಟ್ಟಳೆಗಳನ್ನು ಇಲ್ಲಿ ಇಡುತ್ತೇನೆ. ತಿದ್ದುವವರು ತಿದ್ದಲಿ.

ಒಂದು: ಕನ್ನಡ ಮೊದಲು. ದುಡಿಯುವವರಲ್ಲಿ ಬಹುಪಾಲು ಜನ ಓದುವ ಭಾಷೆಯ ಪ್ರತಿಯೇ ಮೂಲ ಪ್ರತಿಯಾಗಬೇಕು. ಮೇಲಿನ ಕಚೇರಿಗೆ ಇಂಗ್ಲಿಷು ಬೇಕಿದ್ದರೆ ಕೆಳಗೆ ಸೇರಿಸಲಿ. ಹೊರರಾಜ್ಯದ ಕೂಲಿಕಾರರು ಇರುವಲ್ಲಿ ಅವರ ಭಾಷೆಯಲ್ಲೂ ನಾಲ್ಕು ಸಾಲು ಇರಲಿ. ಕನ್ನಡವೆಂದರೆ ನಿಘಂಟು ತೆಗೆದು ಓದುವ ಕನ್ನಡವಲ್ಲ. "ಸಾಪ್ತಾಹಿಕ ವಿಶ್ರಾಂತಿ ದಿನದ ಪುನರ್ನಿಗದಿ" ಎಂದು ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಉಪಕಾರವಾಗಲಿಲ್ಲ. ಬ್ರಿಟನ್ನಿನ ಖಜಾನೆ ಇಲಾಖೆಯೇ ತನ್ನ ಅಧಿಕಾರಿಗಳ ಇಂಗ್ಲಿಷು ಜನಕ್ಕೆ ಅರ್ಥವಾಗುತ್ತಿಲ್ಲವೆಂದು ಅರ್ನೆಸ್ಟ್ ಗವರ್ಸ್ ಎಂಬವರಿಂದ ಸರಳ ಮಾತಿನ ಕೈಪಿಡಿ ಬರೆಸಿ 1948ರಲ್ಲಿ ಪ್ರಕಟಿಸಿತು. ತಮ್ಮ ತಾಯ್ನುಡಿಯಲ್ಲೇ ಅಂಥವರಿಗೆ ಆ ಕಷ್ಟವಿದ್ದ ಮೇಲೆ ನಮಗೆ ನಾಚಿಕೆ ಬೇಡ.

ಎರಡು: ತಲೆಬರಹದಲ್ಲೇ ಸುದ್ದಿ ಇರಲಿ. ಸುತ್ತೋಲೆ ಸಂಖ್ಯೆ ತಲೆಬರಹವಲ್ಲ. "ಗೋದಾಮಿನ ಸಿಬ್ಬಂದಿಗೆ: ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ವಾರದ ರಜೆ ಬುಧವಾರ" ಎಂಬುದು ತಲೆಬರಹ. ಯಾರಿಗೆ, ಏನು, ಯಾವಾಗಿನಿಂದ, ಓದಿದವರು ಏನು ಮಾಡಬೇಕು ಎಂಬ ನಾಲ್ಕು ಮಾತು ಮೊದಲ ನಾಲ್ಕು ಸಾಲಿನಲ್ಲೇ ಬರಬೇಕು. ಹಿಂದಿನ ಆದೇಶಗಳ ವಂಶಾವಳಿ ಕೊನೆಗೆ.

ಮೂರು: ಚಿತ್ರ ಬೇಡ, ಅಕ್ಷರ ಬೇಕು. ಕಾಗದದ ಚಿತ್ರವನ್ನು ಏರಿಸಿದರೆ ಅದರೊಳಗಿನ ಪದವನ್ನು ಹುಡುಕಲು ಸಾಮಾನ್ಯವಾಗಿ ಬರುವುದಿಲ್ಲ. ಹಳೆಯ ಬಗೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದು ಆ ಅಕ್ಷರವಿಲ್ಲದ ಮೊಬೈಲಿನಲ್ಲಿ ರೋಮನ್ ಅಕ್ಷರಗಳ ಕಸದ ಹಾಗೆ ಕಾಣುತ್ತದೆ. ಯುನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಅದರಲ್ಲಿ ಬರೆದದ್ದು ಎಲ್ಲ ಮೊಬೈಲಿನಲ್ಲೂ ಒಂದೇ ಆಗಿ ಕಾಣುತ್ತದೆ. ಇನ್ನೂ ಒಂದು ಕಾರಣವುಂಟು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಹೆಸರಾದ ಎನ್‌ವಿಡಿಎ ಎಂಬುದನ್ನು ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯದ ಅಂಧ ತರುಣ 2006ರಲ್ಲಿ ಆರಂಭಿಸಿದ, ಇಂದಿಗೂ ಪುಕ್ಕಟೆ. ಅಕ್ಷರವಿದ್ದರೆ ಅದು ಓದುತ್ತದೆ, ಬರಿಯ ಚಿತ್ರವಿದ್ದರೆ ತಡವರಿಸಿ ಸುಮ್ಮನಾಗುತ್ತದೆ.

ನಾಲ್ಕು: ಕಣ್ಣಿಗೆ ಕರುಣೆ ಇರಲಿ. ತೆಳು ಬೂದು ಅಕ್ಷರ, ಹಳದಿಯ ಮೇಲೆ ಬಿಳಿ, ಕೆಂಪಿದ್ದರೆ ಇಲ್ಲ, ಹಸಿರಿದ್ದರೆ ಉಂಟು ಎಂಬ ಬರಿಯ ಬಣ್ಣದ ಗುರುತು, ಇವೆಲ್ಲ ಬೇಡ. ಬಣ್ಣಗುರುಡಿನವರಿಗೆ ಕೆಂಪು ಹಸಿರು ಒಂದೇ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂದು ಜಾಗತಿಕ ಮಾನದಂಡವಿದೆ. ಅದನ್ನು ಅಳೆಯುವ ಸಾಧನ ಪುಕ್ಕಟೆ ಸಿಗುತ್ತದೆ. ನಲವತ್ತೈದು ದಾಟಿದ ಹಮಾಲ ಬಂಧು ಕನ್ನಡಕ ತರಲು ಮನೆಗೆ ಹೋಗುವಂತೆ ಆಗಬಾರದು.

ಐದು: ಪುಟ ಹಗುರವಾಗಿರಲಿ. ಸಿಗ್ನಲ್ಲಿನ ಒಂದು ಗೆರೆ ಇರುವಲ್ಲಿಯೂ ತೆರೆದುಕೊಳ್ಳಬೇಕು. ಸ್ವಾಗತದ ವಿಡಿಯೋ, ಓಡುವ ಚಿತ್ರ, ಹೂಮಾಲೆಯ ಸಮಾರಂಭ ಮುಂಬಾಗಿಲಲ್ಲಿ ಬೇಡ. ಮುಂಬಾಗಿಲಲ್ಲಿ ಇರಬೇಕಾದ್ದು ಐದು: ಪಗಾರ, ಪಾಳಿ, ರಜೆ, ಭವಿಷ್ಯನಿಧಿ, ಮತ್ತು ಅಪಘಾತವಾದರೆ ಯಾರಿಗೆ ಫೋನು ಮಾಡಬೇಕು ಎಂಬುದು.

ಆರು: ಪ್ರತಿ ಪುಟಕ್ಕೂ ಒಬ್ಬ ವಾರಸುದಾರ. ಯಾವ ವಿಭಾಗ ಬರೆದದ್ದು, ಯಾವ ತಾರೀಖು, ಸಂದೇಹವಿದ್ದರೆ ಯಾರನ್ನು ಕೇಳಬೇಕು, ಮತ್ತೆ ಯಾವಾಗ ಪರಿಶೀಲಿಸುತ್ತಾರೆ ಎಂಬುದು ಪುಟದಲ್ಲೇ ಇರಬೇಕು. ಕೇಂದ್ರ ಸರ್ಕಾರ ತನ್ನ ಜಾಲತಾಣಗಳಿಗಾಗಿ 2009ರಲ್ಲಿ ಮಾರ್ಗಸೂಚಿ ಹೊರಡಿಸಿ, 2018 ಮತ್ತು 2023ರಲ್ಲಿ ಹೊಸದಾಗಿಸಿತು. ಬರಹವನ್ನು ಯಾರು ಒಪ್ಪಬೇಕು, ಯಾವಾಗ ಪರಿಶೀಲಿಸಬೇಕು, ಹಳತನ್ನು ಎಲ್ಲಿಡಬೇಕು ಎಂಬ ನೀತಿ ಅದರಲ್ಲಿದೆ. ಹೊರಗಿನ ನಾಗರಿಕನಿಗೆ ಸಲ್ಲುವ ಮರ್ಯಾದೆ ಒಳಗೆ ದುಡಿಯುವವನಿಗೂ ಸಲ್ಲಬೇಕಲ್ಲವೇ?

ಏಳು: ಒಂದು ವಿಷಯಕ್ಕೆ ಒಂದೇ ಪುಟ; ಸದ್ದಿಲ್ಲದೆ ತಿದ್ದುವುದು ಬೇಡ. ರಜೆಯ ನಿಯಮ ಐದು ಸುತ್ತೋಲೆಗಳಲ್ಲಿ ಹರಿದು ಹಂಚಿಹೋಗಿದ್ದರೆ ಯಾವುದು ಚಾಲ್ತಿ ಎಂದು ಗುಮಾಸ್ತನಿಗೂ ತಿಳಿಯದು. ತಿದ್ದಿದರೆ ಏನು ತಿದ್ದಿದ್ದು, ಎಂದು ತಿದ್ದಿದ್ದು ಬರೆಯಬೇಕು. ಹಳೆಯ ಪ್ರತಿಯನ್ನು "ರದ್ದಾಗಿದೆ" ಎಂಬ ಗುರುತಿನೊಂದಿಗೆ ಕಾಪಾಡಬೇಕು. ನಿನ್ನೆ ಇದ್ದ ನಿಯಮ ಇಂದು ಮಾಯವಾದರೆ, ನಾಳೆಯ ವಿಚಾರಣೆಯಲ್ಲಿ ನೌಕರನ ಕೈಯಲ್ಲಿ ಯಾವ ಸಾಕ್ಷಿಯೂ ಉಳಿಯುವುದಿಲ್ಲ.

ಎಂಟು: ಒಬ್ಬನ ಗುಟ್ಟು ಎಲ್ಲರ ಕಣ್ಣಿಗೆ ಬೀಳಬಾರದು. ಯಾರ ಪಗಾರದಿಂದ ಸಾಲದ ಕಂತು ಕಡಿಯುತ್ತಾರೆ, ಯಾರು ಯಾವ ಕಾಯಿಲೆಗೆ ರಜೆ ಹಾಕಿದ್ದಾರೆ ಎಂಬ ಪಟ್ಟಿ ಎಲ್ಲರಿಗೆ ಕಾಣುವ ಪುಟದಲ್ಲಿ ಇರಕೂಡದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯಿದೆ ಮಾಡಿದೆ. ಕಾಯಿದೆಗಿಂತ ಮೊದಲೇ ಇದು ಮಾನದ ಪ್ರಶ್ನೆ.

ಈ ಎಂಟಕ್ಕೂ ಬೆನ್ನೆಲುಬಾಗಿ ಒಂದು ತತ್ವವನ್ನು ಒಪ್ಪಿಸಿಕೊಳ್ಳಬೇಕು. ಓದಲು ಬಾರದ ನೋಟೀಸು ನೋಟೀಸೇ ಅಲ್ಲ. ಅದರ ಆಧಾರದ ಮೇಲೆ ಯಾರ ಪಗಾರವನ್ನೂ ಕಡಿಯುವಂತಿಲ್ಲ. ಈ ಒಂದು ಮಾತು ಬರಹದಲ್ಲಿ ಬಂದರೆ ಉಳಿದ ಎಂಟನ್ನು ಆಡಳಿತ ತಾನಾಗಿಯೇ ಪಾಲಿಸುತ್ತದೆ. ಇಂದು ಅಸ್ಪಷ್ಟ ಬರಹದ ದಂಡವನ್ನು ಓದುವವನು ತೆರುತ್ತಿದ್ದಾನೆ. ಬರೆದವನು ತೆರುವಂತಾದ ದಿನ ಅಕ್ಷರ ತಾನೇ ದೊಡ್ಡದಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಮೊದಲನೆಯದು ಖರ್ಚು. ಲೆಕ್ಕ ಹಾಕೋಣ. 40 ಜನರಿರುವ ಸಂಸ್ಥೆಯಲ್ಲಿ ಒಂದು ಗೋಜಲಿನ ಸುತ್ತೋಲೆಯನ್ನು ಅರ್ಥಮಾಡಿಕೊಳ್ಳಲು ಪ್ರತಿಯೊಬ್ಬರಿಗೂ 15 ನಿಮಿಷ ಹಿಡಿದರೆ ಒಟ್ಟು 10 ಗಂಟೆ ಹೋಯಿತು. ಬರೆಯುವವರು ಅರ್ಧ ಗಂಟೆ ಹೆಚ್ಚು ಕುಳಿತು ಬರೆದರೆ ಆ ಹತ್ತು ಗಂಟೆಯ ಬಹುಪಾಲು ಉಳಿಯುತ್ತದೆ. ಅಕ್ಷರ ದೊಡ್ಡದು ಮಾಡಲು, ತಾರೀಖು ಮೇಲೆ ಬರೆಯಲು ಒಂದು ಪೈಸೆಯೂ ಬೇಡ.

ಎರಡನೆಯದು ಅನುವಾದ. ಈಗ ಯಂತ್ರವೇ ಅನುವಾದ ಮಾಡುತ್ತದೆ. ಭಾರತ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿಯಲ್ಲಿ ಕನ್ನಡವೂ ಇದೆ. ಕರಡಿಗೆ ಅದನ್ನು ಬಳಸಲಿ. ಆದರೆ ಏರಿಸುವ ಮೊದಲು ಆ ಕೆಲಸ ಮಾಡುವವನೊಬ್ಬ ಓದಿ ಸರಿಯೆನ್ನಬೇಕು. ತೂಕದವನಿಗೆ ಸಂಬಂಧಪಟ್ಟ ಮಾತನ್ನು ತೂಕದವನಿಗೆ ಓದಿಸಿ ನೋಡುವುದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಮೂರನೆಯದು, "ವಾಟ್ಸಾಪ್ ಗುಂಪಿದೆಯಲ್ಲ, ಅದರಲ್ಲಿ ಹಾಕಿದರೆ ಆಯಿತು" ಎಂಬುದು. ವಾಟ್ಸಾಪ್ ಕೂಗಿ ಕರೆಯಲು ಒಳ್ಳೆಯದು, ಕಡತ ಇಡಲು ಅಲ್ಲ. ಶುಭೋದಯದ ಹೂವಿನ ಅಡಿಯಲ್ಲಿ ಆದೇಶ ಮುಚ್ಚಿಹೋಗುತ್ತದೆ. ಕಳಿಸಿದವರು ಅಳಿಸಿಯೂ ಬಿಡಬಹುದು. ರಾತ್ರಿ ಹತ್ತಕ್ಕೆ ಬಂದ ಸಂದೇಶವನ್ನು ಬೆಳಿಗ್ಗೆ ಆರಕ್ಕೆ ಪಾಲಿಸಲಿಲ್ಲವೆಂದು ಕೇಳುವುದೂ ಅಲ್ಲಿಂದಲೇ ಶುರುವಾಗುತ್ತದೆ.

ಸಣ್ಣ ವ್ಯಾಪಾರಿಗಳು ಇದು ನೌಕರರ ಮಾತೆಂದು ಪುಟ ತಿರುವಬಾರದು. ಯಲ್ಲಾಪುರದ ಅಂಗಡಿಕಾರರು ಒಂದು ಪರವಾನಗಿಗೆ ಕಚೇರಿಗೆ ಹೋದಾಗ "ನಾಳೆ ಬನ್ನಿ" ಎಂಬ ಉತ್ತರ ಯಾಕೆ ಬರುತ್ತದೆ? ಎಷ್ಟೋ ಸಲ ಗುಮಾಸ್ತನಿಗೆ ಲಂಚದ ಆಸೆ ಇರುವುದಿಲ್ಲ; ಚಾಲ್ತಿಯಲ್ಲಿರುವ ಸುತ್ತೋಲೆ ಯಾವುದೆಂದು ಅವನಿಗೇ ಸಿಕ್ಕಿರುವುದಿಲ್ಲ. ಒಳಗಿನ ಗೊಂದಲ ಕೌಂಟರಿನಾಚೆ ನಿಂತವರ ಕಾಲಹರಣವಾಗಿ ಹೊರಬೀಳುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು, ಸಾರ್ವಜನಿಕ ಕಚೇರಿಗಳು ತಮ್ಮ ನಿಯಮ, ಕೈಪಿಡಿಗಳನ್ನು ಕೇಳದೆಯೇ ಪ್ರಕಟಿಸಬೇಕೆಂದೂ, ಆಗ ಸ್ಥಳೀಯ ಭಾಷೆಯನ್ನೂ ಆ ಊರಿನಲ್ಲಿ ಪರಿಣಾಮಕಾರಿಯಾದ ವಿಧಾನವನ್ನೂ ಗಮನಿಸಬೇಕೆಂದೂ ಹೇಳಿದೆ. ತನ್ನ ಸಿಬ್ಬಂದಿಗೇ ನಿಯಮವನ್ನು ಸ್ಪಷ್ಟವಾಗಿ ಹೇಳದ ಕಚೇರಿ ಜನರಿಗೆ ಹೇಗೆ ಹೇಳೀತು? ಮತ್ತೆ, ನಿಮ್ಮ ಅಂಗಡಿಯಲ್ಲೂ ಇಬ್ಬರು ಮೂವರು ದುಡಿಯುತ್ತಿದ್ದಾರೆ. ಅವರ ರಜೆ, ಪಗಾರದ ದಿನ ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಪಕ್ಕ ಅಂಟಿಸಿದ್ದೀರಾ?

ಬೇರೆಯವರಿಗೆ ಹೇಳಿದ್ದಾಯಿತು, ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಈ ಲೇಖನಕ್ಕೆ ಕುಳಿತಾಗ ನಮ್ಮದೇ ಕಚೇರಿಯ ಗೋಡೆಯತ್ತ ತಿರುಗಿದೆ. ಮುಗಿದುಹೋದ ಎರಡು ಸಭೆಗಳ ಕರೆಪತ್ರ, ತಾರೀಖಿಲ್ಲದ ಒಂದು ಠರಾವು, ಒಂದರ ಮೇಲೊಂದು ಅಂಟಿಸಿ ಅರ್ಧ ಮುಚ್ಚಿದ ವರ್ಗಣಿಯ ಲೆಕ್ಕ. ನಾಚಿಕೆಯಾಯಿತು. ಅಂದೇ ಹಳತನ್ನು ತೆಗೆದು ಕಡತಕ್ಕೆ ಸೇರಿಸಿ, ಉಳಿದವಕ್ಕೆ ತಾರೀಖು ಹಾಕಿದೆ.

ಕೊನೆಗೆ, ಮಾಡಬೇಕಾದ್ದು ಇಷ್ಟು. ಪೋರ್ಟಲು ಇರುವ ಪ್ರತಿ ಸಂಸ್ಥೆಯಲ್ಲಿ ನೌಕರರು ಒಂದು ಲಿಖಿತ ಮನವಿ ಕೊಡಲಿ. ಪಗಾರ, ಪಾಳಿ, ರಜೆಯ ಸುತ್ತೋಲೆಯೆಲ್ಲ ಕನ್ನಡದಲ್ಲಿ ಬರಲಿ. ಅದೇ ದಿನ ಅದರ ಮುದ್ರಿತ ಪ್ರತಿ ಗೇಟಿನ ಫಲಕಕ್ಕೂ ಬರಲಿ. ಜಾರಿಯ ದಿನಕ್ಕಿಂತ ಏಳು ದಿನ ಮೊದಲು ಬರಲಿ. ಏರಿಸುವ ಮುನ್ನ ಮೂವರು ಕೆಲಸಗಾರರನ್ನು ಕರೆದು, ಮೊಬೈಲು ಕೊಟ್ಟು, ಮೂರು ಪ್ರಶ್ನೆ ಕೇಳಲಿ: ನಿಮ್ಮ ರಜೆ ಯಾವತ್ತು, ಪಗಾರ ಎಷ್ಟು ಕಡಿದಿದೆ, ದೂರು ಯಾರಿಗೆ? ಎರಡು ನಿಮಿಷದಲ್ಲಿ ಉತ್ತರ ಸಿಗದಿದ್ದರೆ ಆ ಪುಟವನ್ನು ಮತ್ತೆ ಬರೆಯಲಿ. ಈ ಪರೀಕ್ಷೆಗೆ ಕರೆಯಬೇಕಾದ್ದು ಅತಿ ಕಡಿಮೆ ಓದಿದವರನ್ನು, ಅತಿ ಹಳೆಯ ಮೊಬೈಲು ಇರುವವರನ್ನು.

ಚಹಾದಂಗಡಿಗೆ ಬಂದಿದ್ದ ಬಂಧುವಿನ ಪರವಾಗಿ ನಾವು ಒಂದು ಅರ್ಜಿ ಬರೆದೆವು. ಕನ್ನಡದಲ್ಲಿ, ಒಂದೇ ಪುಟ, ಮೊದಲ ಸಾಲಿನಲ್ಲೇ ಬೇಡಿಕೆ. ಕಡಿದ ಪಗಾರ ಇನ್ನೂ ಬಂದಿಲ್ಲ. ಆದರೆ ಆ ಗೋದಾಮಿನ ಗೇಟಿನ ಬಳಿ ತುಕ್ಕು ಹಿಡಿದು ಬಿದ್ದಿದ್ದ ಫಲಕವನ್ನು ನೌಕರರೇ ಒರೆಸಿ, ನೆಟ್ಟಗೆ ನಿಲ್ಲಿಸಿದ್ದಾರೆ. ಮುಂದಿನ ಸುತ್ತೋಲೆ ಅಲ್ಲಿಗೆ ಬರುತ್ತದೆಯೋ ಇಲ್ಲವೋ, ಅವರು ಕಾಯುತ್ತಿದ್ದಾರೆ. ನೀವೂ ನಿಮ್ಮ ಗೇಟಿನಲ್ಲಿ ನೋಡಿರಿ.